ಜಾರುವ ಚಪ್ಪಲಿ ಹೇಳುವ ಮಾತು

‘ಪುಟ್ಟಾ, ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆದು ತೋರಿಸು, ನೋಡೋಣ.’

ರಕ್ತ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ಮಕ್ಕಳನ್ನು ವೈದ್ಯರು ಹೀಗೆ ನಡೆಸಿ ನೋಡುವುದುಂಟು. ಕೆಲವು ಮಕ್ಕಳಿಗೆ ಮುಂಗಾಲು ಎತ್ತಲು ಆಗುವುದಿಲ್ಲ. ಪಾದ ಪಟಪಟನೆ ನೆಲಕ್ಕೆ ಬಡಿಯುತ್ತದೆ. ‘ವಾರದಿಂದ ಚಪ್ಪಲಿ ಕಾಲಲ್ಲಿ ನಿಲ್ತಾನೇ ಇಲ್ಲ ಡಾಕ್ಟ್ರೇ, ಅಳತೆ ದೊಡ್ಡದಾಯ್ತೇನೋ ಅಂದ್ಕೊಂಡೆ’ ಎಂದು ತಾಯಿಗೆ ಆಗ ನೆನಪಾಗುತ್ತದೆ.

ಚಪ್ಪಲಿಯ ಅಳತೆ ಸರಿಯಾಗಿಯೇ ಇರುತ್ತದೆ. ದಣಿದಿರುವುದು ನರ. ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಔಷಧ ಕ್ಯಾನ್ಸರ್ ಕಣ ಒಡೆದು ಎರಡಾಗುವುದನ್ನು ತಡೆಯುತ್ತದೆ. ಆದರೆ ಅದು ಕೆಡಿಸುವ ಸೂಕ್ಷ್ಮ ನಾಳಗಳೇ ನರದೊಳಗಿನ ಸಾಗಾಣಿಕೆಗೂ ದಾರಿ. ಪಾದದವರೆಗೆ ಚಾಚಿದ ಉದ್ದನೆಯ ನರಗಳು ಮೊದಲು ಸೋಲುತ್ತವೆ. ದವಡೆ ನೋವು, ಮಲಬದ್ಧತೆ, ಜೋಲುವ ಕಣ್ಣುರೆಪ್ಪೆ ಇವೂ ಅದರ ಗುರುತುಗಳೇ. ಕೆಲವು ಶಿಲೀಂಧ್ರನಾಶಕ ಮಾತ್ರೆಗಳ ಜೊತೆಗೂಡಿದರೆ ತೊಂದರೆ ಹೆಚ್ಚು. ಬೇಗ ಗುರುತಿಸಿದರೆ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ, ಫಿಸಿಯೋಥೆರಪಿ ಕೊಡಿಸುತ್ತಾರೆ. ಬಹುಪಾಲು ಮಕ್ಕಳು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಇದೇ ಔಷಧ ಕೈತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಮಾತ್ರ ಪ್ರಾಣಕ್ಕೇ ಎರವು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಸಿತು: ಸಿರಿಂಜಿನಲ್ಲಿ ಬೇಡ, ಸಣ್ಣ ಡ್ರಿಪ್ ಚೀಲದಲ್ಲೇ ಕೊಡಿ.

ಹಾಗಾದರೆ ಈ ಮಕ್ಕಳಿಗೆ ಬೇರೆ ಔಷಧವನ್ನು ಬೆನ್ನಿಗೆ ಚುಚ್ಚುವುದೇಕೆ? ರಕ್ತದಲ್ಲಿ ಹರಿಯುವ ಹೆಚ್ಚಿನ ಔಷಧಗಳು ಮಿದುಳನ್ನು ಸರಿಯಾಗಿ ಮುಟ್ಟುವುದಿಲ್ಲ. ರೋಗ ಅಲ್ಲಿ ಅಡಗಿ ಕೂರುತ್ತದೆ. 1960ರ ದಶಕದಲ್ಲಿ ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ತಂಡ ತಲೆಗೆ ವಿಕಿರಣ ಕೊಟ್ಟು, ಬೆನ್ನಿಗೆ ಔಷಧ ಹಾಕಿತು. ಸುಮಾರು ಅರ್ಧದಷ್ಟು ಮಕ್ಕಳು ಬದುಕಿದರು. ಆದರೆ ವಿಕಿರಣ ಪಡೆದ ಎಳೆಯರಲ್ಲಿ ಎಷ್ಟೋ ಮಂದಿ ಮುಂದೆ ಕಲಿಕೆಯಲ್ಲಿ ಹಿಂದೆ ಬಿದ್ದರು. ವಿಕಿರಣವಿಲ್ಲದೆಯೂ ಗೆಲ್ಲಬಹುದು ಎಂದು ಅದೇ ಆಸ್ಪತ್ರೆ 2009ರಲ್ಲಿ ತೋರಿಸಿತು. ಇಂದು ಹೆಚ್ಚಿನ ಮಕ್ಕಳಿಗೆ ಬೆನ್ನಿಗೆ ಹಾಕುವ ಮೆಥೋಟ್ರೆಕ್ಸೇಟೇ ಕಾವಲು.

ಆ ಕಾವಲೂ ಒಮ್ಮೊಮ್ಮೆ ಕಾಡುತ್ತದೆ. ಚುಚ್ಚಿದ ಎರಡು ವಾರದೊಳಗೆ ಮಗುವಿನ ಒಂದು ಬದಿಯ ಕೈಕಾಲು ಬಲ ಕಳೆದುಕೊಳ್ಳಬಹುದು, ಮಾತು ನಿಲ್ಲಬಹುದು. ಬಹುತೇಕ ಇದು ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಆದರೆ ಆಸ್ಪರಾಜಿನೇಸ್ ಔಷಧದಿಂದ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದಾಗಲೂ ಹೀಗೇ ಕಾಣಿಸಬಹುದು. ಸ್ಟೀರಾಯ್ಡಿನಿಂದ ರಕ್ತದೊತ್ತಡ ಏರಿದಾಗ ತಲೆನೋವು, ಕಣ್ಣು ಮಂಜು, ಫಿಟ್ಸ್ ಬರಬಹುದು. ಯಾವುದು ಯಾವುದೆಂದು ಮನೆಯಲ್ಲಿ ಕೂತು ತೀರ್ಮಾನಿಸಲಾಗದು. ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು.

ಹೆದರಿ ಚಿಕಿತ್ಸೆ ನಿಲ್ಲಿಸಬೇಡಿ. ಹಾಗೆ ಮಾಡಿದರೆ ರೋಗ ಮರಳಬಹುದು. ಕಂಡದ್ದನ್ನು ಹೇಳಿ. ಮಗು ಮೆಟ್ಟಿಲಲ್ಲಿ ಎಡವಿದ್ದು, ಊಟಕ್ಕೆ ದವಡೆ ಹಿಡಿದು ಅತ್ತಿದ್ದು ಮನೆಯವರ ಕಣ್ಣಿಗೇ ಮೊದಲು ಬೀಳುವುದು. ಮಾತ್ರೆ ಡಬ್ಬಿಯ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟು ತಾರೀಖು ಹಾಕಿ ಬರೆದಿಡಿ.

ಮೇಷ್ಟ್ರುಗಳಿಗೂ ಒಂದು ಮಾತು. ತಲೆಗೂದಲು ಮತ್ತೆ ಬಂದು, ಕೆನ್ನೆ ತುಂಬಿಕೊಂಡ ಮೇಲೂ ಕೆಲವು ಮಕ್ಕಳಿಗೆ ಲೆಕ್ಕ ನಿಧಾನ, ಗಮನ ಚದುರುತ್ತದೆ. ಸೋಮಾರಿ ಎಂದು ಬೈಯಬೇಡಿ. ಅಷ್ಟು ದೊಡ್ಡ ರೋಗ ಗೆದ್ದು ಬಂದ ಮಗುವಿಗೆ ಪರೀಕ್ಷೆಯಲ್ಲಿ ಅರ್ಧ ಗಂಟೆ ಹೆಚ್ಚು ಕೊಡುವುದು ನಮ್ಮಿಂದ ಆಗದ ಕೆಲಸವೇನಲ್ಲ.