ಹರಿಹರಕ್ಕೆ ಸಾಕಾದ ಗೇರ್ ಆಗುಂಬೆಗೆ ಸಾಕಾಗಲ್ಲ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ರಸ್ತೆ ಹೆಚ್ಚೂಕಮ್ಮಿ ಸಮತಟ್ಟು. ಯಾವ ಗೇರ್‌ನಲ್ಲಾದ್ರೂ ತುಂಗಭದ್ರಾ ಸೇತುವೆ ಮುಟ್ಟಬಹುದು. ಅದೇ ಸೈಕಲ್‌ಗೆ ಬ್ಯಾಗ್ ಕಟ್ಟಿ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಉಡುಪಿಗೆ ಹೋದಿರಿ ಅಂದ್ಕೊಳ್ಳಿ. ವಾಪಸ್ ಬರುವಾಗ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಬೇಕು: 14 ಹೇರ್‌ಪಿನ್ ತಿರುವು. ಅಲ್ಲಿ ತುಳಿಯೋದಾ, ತಳ್ಳೋದಾ ಅನ್ನೋದು ನೀವು ಕ್ರ್ಯಾಂಕ್‌ಸೆಟ್ ಕೊಂಡ ದಿನವೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತೆ.

ಲೆಕ್ಕ ಸುಲಭ. ಮುಂದಿನ ಚೈನ್‌ರಿಂಗ್‌ನ ಹಲ್ಲುಗಳನ್ನು ಹಿಂದಿನ ಸ್ಪ್ರಾಕೆಟ್‌ನ ಹಲ್ಲುಗಳಿಂದ ಭಾಗಿಸಿ. ಪೆಡಲ್‌ನ ಒಂದು ಸುತ್ತಿಗೆ ಚಕ್ರ ಅಷ್ಟು ಸುತ್ತು ತಿರುಗುತ್ತೆ. ರೋಡ್ ಬೈಕಿನ 34/28 ಅಂದ್ರೆ 1.21. ಟೂರಿಂಗ್ ಸೈಕಲ್ಲಿನ 28/34 ಅಂದ್ರೆ 0.82. ಚಕ್ರದ ಸುತ್ತಳತೆ 2.1 ಮೀಟರ್, ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಕ್ರಮವಾಗಿ ಗಂಟೆಗೆ 9.2 ಮತ್ತು 6.2 ಕಿ.ಮೀ. ನೀವು, ಸೈಕಲ್, ಲಗೇಜ್ ಸೇರಿ 90 ಕೆಜಿ, ಏರು 8% ಅಂತ ಇಟ್ಕೊಳ್ಳಿ. ಗುರುತ್ವದ ವಿರುದ್ಧವೇ ಮೊದಲನೆಯದಕ್ಕೆ ಸುಮಾರು 180 ವ್ಯಾಟ್ ಬೇಕು, ಎರಡನೆಯದಕ್ಕೆ 122 ಸಾಕು. ಅಷ್ಟು ಶಕ್ತಿ ಇಲ್ಲದೆ ದೊಡ್ಡ ಗೇರ್‌ನಲ್ಲೇ ನಿಧಾನವಾಗಿ ಒತ್ತಿದ್ರೆ ಪೆಟ್ಟು ಬೀಳೋದು ಮಂಡಿಗೆ.

ಹಾಗಾಗಿ ಅಂಗಡಿಯಲ್ಲಿ ದೊಡ್ಡ ರಿಂಗ್ ಅಲ್ಲ, ಚಿಕ್ಕ ರಿಂಗ್ ನೋಡಿ. 48/38/28 ಟ್ರಿಪಲ್ ಕ್ರ್ಯಾಂಕ್, 11-34 ಕ್ಯಾಸೆಟ್ ಒಳ್ಳೆ ಜೋಡಿ. ಹಿಂದಿನ ಡಿರೇಲರ್‌ಗೆ 34 ಹಲ್ಲಿನ ಸ್ಪ್ರಾಕೆಟ್ ಆಗುತ್ತಾ ಕೇಳಿ. ಅದರ ಕೆಪ್ಯಾಸಿಟಿಯನ್ನೂ ಕೇಳಿ: (48−28)+(34−11)=43 ಹಲ್ಲು. ಇದಕ್ಕಿಂತ ಕಮ್ಮಿ ಇದ್ರೆ ಕೆಲವು ಗೇರ್‌ಗಳಲ್ಲಿ ಚೈನ್ ಜೋಲುತ್ತೆ, ಇಲ್ಲಾ ವಿಪರೀತ ಬಿಗಿಯುತ್ತೆ.

ಟಾಪ್ ಗೇರ್ ಸಾಲದಿದ್ರೆ ಇಳಿಜಾರಲ್ಲಿ ತುಳಿಯೋದು ನಿಲ್ಲಿಸಿ ಕೂತ್ರಾಯ್ತು. ಲೋ ಗೇರ್ ಸಾಲದಿದ್ರೆ ಇಳಿದು ತಳ್ಳಬೇಕು.