ಹಲವು ಪಾತ್ರ, ಒಂದೇ ಕೈ: ಅಂತರಜಾಲದ ಆಟದಲ್ಲಿ ಯಂತ್ರದ ಸ್ಥಾನ

ಕ್ರೀಡೆಯು ಶಿಕ್ಷಣದ ಅವಿಭಾಜ್ಯ ಅಂಗವೆಂಬುದು ಸರ್ವವಿದಿತ. ಇಂದು ಆಟದ ಒಂದು ಪಾಲು ಬಯಲಿನಿಂದ ಮೊಬೈಲಿನ ಪರದೆಗೆ ಸರಿದಿದೆ. ಮೂಡಿಗೆರೆ, ಕಳಸದ ಕಾಫಿ ತೋಟಗಳ ನಡುವಣ ಮನೆಗಳಿಗೂ ಆ ಪರದೆ ತಲುಪಿದೆ. ಅಲ್ಲಿ ರೂಢಿಗೆ ಬಂದಿರುವ ಒಂದು ಪದ್ಧತಿಯನ್ನು ಅಧ್ಯಾಪಕರೂ ಪೋಷಕರೂ ಅರಿತಿರುವುದು ಉಚಿತ.

ಸಾವಿರಾರು ಜನರು ಏಕಕಾಲಕ್ಕೆ ಆಡುವ ಆಟಗಳಲ್ಲಿ ಆಟಗಾರನ ಪಾತ್ರವು ಕಾದಾಡಿ, ಗಣಿ ಅಗೆದು, ಮರ ಕಡಿದು ಕಲ್ಪಿತ ಹೊನ್ನನ್ನು ಕೂಡಿಸುತ್ತದೆ. ಈ ದುಡಿಮೆ ಬೇಸರದ್ದು. ಆದ್ದರಿಂದ ಕೆಲವರು ಹಲವು ಖಾತೆಗಳನ್ನು ತೆರೆದು ಹಲವು ಪಾತ್ರಗಳನ್ನು ಒಬ್ಬರೇ ನಡೆಸುತ್ತಾರೆ. ಇದರಲ್ಲಿ ಮೂರು ಬಗೆಗಳುಂಟು. ಮೊದಲನೆಯದು, ಪ್ರತಿಯೊಂದು ಪಾತ್ರವನ್ನೂ ಕೈಯಾರೆ ನಡೆಸುವುದು. ಎರಡನೆಯದು, ಒಮ್ಮೆ ಒತ್ತಿದ ಕೀಲಿಯನ್ನು ತಂತ್ರಾಂಶದ ಮೂಲಕ ಎಲ್ಲ ಪಾತ್ರಗಳಿಗೂ ಒಟ್ಟಿಗೆ ಮುಟ್ಟಿಸುವುದು. ಮೂರನೆಯದು, ಆಟಗಾರನು ನಿದ್ರಿಸುತ್ತಿದ್ದರೂ ತಾನಾಗಿಯೇ ಆಡುವ ‘ಬಾಟ್’. ಇದು ಪರದೆಯ ಚಿತ್ರವನ್ನೋ ಗಣಕದ ಸ್ಮೃತಿಯಲ್ಲಿರುವ ಮಾಹಿತಿಯನ್ನೋ ಓದಿ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ.

‘ಈವ್ ಆನ್‌ಲೈನ್’ ಆಟದಲ್ಲಿ ಎರಡನೆಯ ಬಗೆಯನ್ನು 2015ರ ಜನವರಿ 1ರಿಂದ ನಿಷೇಧಿಸಲಾಯಿತು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ 2020ರಲ್ಲಿ. ಹಲವು ಖಾತೆಗಳನ್ನು ಹೊಂದುವುದನ್ನು ಇವೆರಡೂ ತಪ್ಪೆನ್ನಲಿಲ್ಲವೆಂಬುದು ಗಮನಾರ್ಹ. ‘ಗ್ಲೈಡರ್’ ಎಂಬ ಬಾಟ್ ಕುರಿತ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು 2010ರಲ್ಲಿ ಸೂಕ್ಷ್ಮವಾದ ತೀರ್ಪನ್ನಿತ್ತಿತು: ಬಾಟ್ ಬಳಸಿದವನು ಒಪ್ಪಂದವನ್ನು ಮುರಿದನೇ ಹೊರತು ಕೃತಿಸ್ವಾಮ್ಯವನ್ನು ಉಲ್ಲಂಘಿಸಲಿಲ್ಲ, ಆದರೆ ಆಟದ ರಕ್ಷಣಾ ವ್ಯವಸ್ಥೆಯನ್ನು ತಪ್ಪಿಸುವ ಸಾಧನವನ್ನು ಮಾರುವುದು ಕಾನೂನಿಗೆ ವಿರುದ್ಧ.

ಇದರಿಂದ ಯಾರಿಗೆ ನಷ್ಟವೆಂದು ಕೇಳಬಹುದು. ಹಗಲಿರುಳೂ ದುಡಿಯುವ ಬಾಟ್‌ಗಳಿಂದ ಹೊನ್ನು ಹೆಚ್ಚಿದಷ್ಟೂ ಅದರ ಬೆಲೆ ಕುಸಿಯುತ್ತದೆ. ಕೈಯಾರೆ ಆಡಿದವನ ಶ್ರಮ ವ್ಯರ್ಥವಾಗುತ್ತದೆ. ನಮ್ಮ ತೋಟಗಳ ನಿದರ್ಶನವನ್ನೇ ನೋಡೋಣ. ಕಳೆ ಕೊಚ್ಚುವ ಯಂತ್ರ ಹಿಡಿದವನು ಇತರರಿಗಿಂತ ಹೆಚ್ಚು ಕೆಲಸ ಮಾಡಿದರೆ ಯಾರೂ ಆಕ್ಷೇಪಿಸರು. ಆದರೆ ಒಬ್ಬನೇ ಹಾಜರಿ ಪುಸ್ತಕದಲ್ಲಿ ನಾಲ್ವರ ಹೆಸರು ಬರೆಸಿ ಕೂಲಿ ಪಡೆದರೆ ಅದು ಮೋಸ. ಯಂತ್ರವು ನೆರವಾಗುವುದು ಬೇರೆ, ಇಲ್ಲದವನನ್ನು ಇದ್ದಾನೆಂದು ತೋರಿಸುವುದು ಬೇರೆ.

ಶರಣರು ಕಾಯಕಕ್ಕೆ ಕೊಟ್ಟ ಅರ್ಥವೂ ಇಲ್ಲಿ ಸ್ಮರಣೀಯ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಹಿಂದಿರುಗಿಸುವಂತೆ ಪತ್ನಿ ಲಕ್ಕಮ್ಮ ಹೇಳಿದ ಪ್ರಸಂಗ ಪ್ರಸಿದ್ಧವಾದುದು. ಎಷ್ಟು ಕೂಡಿತು ಎಂಬುದಕ್ಕಿಂತ ಹೇಗೆ ಕೂಡಿತು, ಏಕೆ ಕೂಡಿತು ಎಂಬುದೇ ಆಕೆಗೆ ಮುಖ್ಯವಾಯಿತು. ಆಟದಲ್ಲಿ ಬಾಟ್‌ಗೆ ಒಗ್ಗಿಕೊಂಡ ಮನಸ್ಸು ನಾಳೆ ಪ್ರಬಂಧವನ್ನೂ ಯಂತ್ರದಿಂದಲೇ ಬರೆಸಿ ತನ್ನ ಹೆಸರು ಹಾಕಲು ಹಿಂಜರಿಯದು.

ಹಾಗೆಂದು ಇಂಥ ತಂತ್ರಾಂಶವನ್ನು ತಾನೇ ರಚಿಸಬಲ್ಲ ವಿದ್ಯಾರ್ಥಿಯನ್ನು ದಂಡಿಸಿ ಕೂರಿಸುವುದು ಸಲ್ಲದು. ಅವನಲ್ಲಿರುವುದು ನಿಜವಾದ ಪ್ರತಿಭೆ. ಮಲೆನಾಡಿನ ಬೆಳೆಗಾರರು ದಿನದಿನವೂ ಬರೆದಿಡುವ ಮಳೆಯ ಲೆಕ್ಕವನ್ನು ಗಣಕಕ್ಕೆ ಅಳವಡಿಸುವ ಕೆಲಸವನ್ನು ಅವನಿಗೆ ವಹಿಸಿದರೆ, ಅದೇ ಜಾಣ್ಮೆ ಊರಿಗೆ ಉಪಕಾರವಾದೀತು. ಆ ದಾರಿಯನ್ನು ತೋರಿಸುವುದು ಶಾಲೆಯ ಕರ್ತವ್ಯ. ಅದಕ್ಕೆ ಬೇಕಾದ ಅನುಕೂಲವನ್ನು ಒದಗಿಸುವುದು ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಪಾಲಿನ ದಾಸೋಹ.