ಮೋಟಾರಿಗೂ ಮೊದಲಿನ ಕಾರುಗಳು

1882ರ ಮೇ 6ರ ಸಂಜೆ. ಡಬ್ಲಿನ್ ನಗರದ ಫೀನಿಕ್ಸ್ ಪಾರ್ಕಿನಲ್ಲಿ ಬ್ರಿಟಿಷ್ ಆಡಳಿತದ ಇಬ್ಬರು ದೊಡ್ಡ ಅಧಿಕಾರಿಗಳಾದ ಲಾರ್ಡ್ ಫ್ರೆಡರಿಕ್ ಕ್ಯಾವೆಂಡಿಷ್ ಮತ್ತು ಥಾಮಸ್ ಬರ್ಕ್ ಅವರನ್ನು ಇರಿದು ಕೊಲ್ಲಲಾಯಿತು. ಹಂತಕರು ‘ಕಾರ್’ ಹತ್ತಿ ಪರಾರಿಯಾದರೆಂದು ಅಂದಿನ ಇಂಗ್ಲಿಷ್ ವರದಿಗಳು ಹೇಳುತ್ತವೆ. ಇಸವಿಯ ಮೇಲೆ ಕಣ್ಣು ಬಿದ್ದವರಿಗೆ ಗಲಿಬಿಲಿಯಾಗದೆ ಇರದು. ಕಾರ್ಲ್ ಬೆಂಜ್ ತನ್ನ ಮೋಟಾರು ಬಂಡಿಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದ್ದೇ 1886ರ ಜನವರಿ 29ರಂದು!

ಪತ್ರಿಕೆಗಳೇನೂ ಸುಳ್ಳು ಬರೆದಿರಲಿಲ್ಲ. ಐರ್ಲೆಂಡಿನವರಿಗೆ ಕಾರ್ ಎಂದರೆ ಒಂಟಿ ಕುದುರೆಯ ಬಾಡಿಗೆ ಗಾಡಿ. ಸವಾರರು ಬೆನ್ನಿಗೆ ಬೆನ್ನು ಕೊಟ್ಟು, ರಸ್ತೆಯ ಎರಡು ಬದಿಗೆ ಮುಖ ಮಾಡಿ ಕೂರುತ್ತಿದ್ದರು. ನಮ್ಮ ಜಟಕಾಬಂಡಿಯ ದೂರದ ದಾಯಾದಿ ಎನ್ನಬಹುದು.

ಅಮೆರಿಕದ ಪತ್ರಿಕೆಗಳಲ್ಲಿ ಇದೇ ಪದ ಹಳಿಯ ಮೇಲೆ ಓಡುತ್ತದೆ. ಲೂಸಿಯಾನಾ ರಾಜ್ಯ 1890ರಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ‘ಕಾರು’ಗಳಿರಬೇಕೆಂದು ಕಾಯ್ದೆ ಮಾಡಿತು. ಹೋಮರ್ ಪ್ಲೆಸ್ಸಿ ಎಂಬಾತ 1892ರಲ್ಲಿ ಬಿಳಿಯರ ಕಾರಿನಲ್ಲಿ ಕೂತು, ಏಳಲೊಲ್ಲದೆ ಬಂಧನಕ್ಕೊಳಗಾದ. ನಾಲ್ಕು ವರ್ಷದ ಬಳಿಕ ಸುಪ್ರೀಂ ಕೋರ್ಟು ಅವನ ವಿರುದ್ಧವೇ ತೀರ್ಪಿತ್ತಿತು. ಅವನು ಕೂತಿದ್ದು ರೈಲಿನ ಬೋಗಿಯಲ್ಲಿ.

ಎಲ್ಲಕ್ಕಿಂತ ಸೋಜಿಗದ್ದು ನ್ಯೂಯಾರ್ಕಿನ ಒಂದು ಸಾವಿನ ಸುದ್ದಿ. 1899ರ ಸೆಪ್ಟೆಂಬರ್ 13ರಂದು ಹೆನ್ರಿ ಬ್ಲಿಸ್ ಎಂಬವರು ಟ್ರಾಮಿನಿಂದ ಇಳಿಯುತ್ತಿದ್ದಾಗ ವಿದ್ಯುತ್ ಟ್ಯಾಕ್ಸಿಯೊಂದು ಬಡಿದು, ಮಾರನೆಯ ದಿನ ತೀರಿಕೊಂಡರು. ಅಮೆರಿಕದಲ್ಲಿ ಮೋಟಾರು ವಾಹನಕ್ಕೆ ಬಲಿಯಾದ ಮೊದಲಿಗರೆಂದು ಅವರ ಹೆಸರು ದಾಖಲಾಗಿದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಯಲ್ಲಿ ‘ಕಾರ್’ ಇದೆ, ಆದರೆ ಅದು ಕೊಂದ ವಾಹನವಲ್ಲ. ಬ್ಲಿಸ್ ಇಳಿದ ಟ್ರಾಮು. ಡಿಕ್ಕಿ ಹೊಡೆದದ್ದು ‘ಆಟೊಮೊಬೈಲ್’. ಇಂದಿನ ಕಣ್ಣಿನಿಂದ ಓದಿದರೆ ಘಟನೆ ತಲೆಕೆಳಗಾಗುತ್ತದೆ. ದಾರಿಗೆ ಅಡ್ಡವಾಗಿ ಒಂದು ‘ಟ್ರಕ್’ ಬೇರೆ ನಿಂತಿತ್ತಂತೆ. ಆ ಕಾಲದ ನ್ಯೂಯಾರ್ಕಿನಲ್ಲಿ ಟ್ರಕ್ ಎಂದರೆ ಸಾಮಾನ್ಯವಾಗಿ ಕುದುರೆ ಎಳೆಯುವ ಸಾಮಾನು ಗಾಡಿ.

ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳು ಈ ಪದವನ್ನು ದೇವರ ಸನ್ನಿಧಿಗೇ ತಂದವು. ರಥೋತ್ಸವ ಅಲ್ಲಿ ‘ಕಾರ್ ಫೆಸ್ಟಿವಲ್’. ಮಂಗಳೂರು, ಉಡುಪಿಗಳ ರಥಬೀದಿ, ಬೆಂಗಳೂರಿನ ಹಲಸೂರಿನ ತೇರುಬೀದಿ, ಎಲ್ಲವೂ ‘ಕಾರ್ ಸ್ಟ್ರೀಟ್’. ಕಾರು ಮಾರುವ ಅಂಗಡಿಗಳ ಸಾಲು ಅಲ್ಲಿದ್ದಿರಬೇಕೆಂದು ಊಹಿಸುವ ಹೊಸಬರು ಈಗಲೂ ಸಿಕ್ಕಾರು. ಪುರಿಯ ಜಗನ್ನಾಥನ ‘ಕಾರ್’ ಅಂತೂ ವಿಲಾಯತಿ ಓದುಗರನ್ನು ಬೆಚ್ಚಿಬೀಳಿಸಿತು: ಭಕ್ತರು ಗಾಲಿಯಡಿ ಬಿದ್ದು ಪ್ರಾಣ ಬಿಡುತ್ತಾರೆಂಬ ಕಥೆಗಳು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಅಚ್ಚಾದವು. ಅಂಥ ಸಾವುಗಳು ಹೆಚ್ಚಾಗಿ ನೂಕುನುಗ್ಗಲಿನ ಅಪಘಾತಗಳೆಂದು ಬ್ರಿಟಿಷ್ ಅಧಿಕಾರಿ ಡಬ್ಲ್ಯು. ಡಬ್ಲ್ಯು. ಹಂಟರ್ 1872ರಲ್ಲಿಯೇ ಬರೆದರೂ ಕಥೆ ನಿಲ್ಲಲಿಲ್ಲ. ಕೊನೆಗೆ ಜಗನ್ನಾಥನ ಹೆಸರೇ ‘ಜಗರ್‌ನಾಟ್’ ಆಗಿ, ಬ್ರಿಟನ್ನಿನಲ್ಲಿ ಭಾರೀ ಲಾರಿಗಳಿಗೆ ಅಂಟಿಕೊಂಡಿತು. ತೇರಿನಿಂದ ಲಾರಿಗೆ! ಇದಕ್ಕಿಂತ ವಿಚಿತ್ರವಾದ ಪ್ರಯಾಣ ಸಿಗುವುದು ಕಷ್ಟ.

ಬಲೂನಿಗೆ ತೂಗುಹಾಕಿದ ಬುಟ್ಟಿಯೂ ಆಗ ಕಾರೇ. ಲಿಫ್ಟ್ ತಯಾರಕರು ಅದರ ಪೆಟ್ಟಿಗೆಯನ್ನು ಇಂದಿಗೂ ಹಾಗೆಯೇ ಕರೆಯುತ್ತಾರೆ.

ಕನ್ನಡಕ್ಕೂ ಇಂಥ ಗೊಂದಲ ಹೊಸತಲ್ಲ. ಹಿರಿಯರ ಬಾಯಲ್ಲಿ ಬಸ್ಸೂ ‘ಮೋಟಾರು’. ಇಂದಿನವರ ಬಾಯಲ್ಲಿ ಸ್ಕೂಟರಿನಿಂದ ರೈಲಿನವರೆಗೆ ಎಲ್ಲವೂ ‘ಗಾಡಿ’. ‘ಗಾಡಿ ಗುದ್ದಿತು’ ಎಂಬ ಸುದ್ದಿಯನ್ನು ನೂರು ವರ್ಷದ ನಂತರ ಓದುವವರು ಪರದಾಡುವುದು ಖಂಡಿತ.

ಹಳೆಯ ಪತ್ರಿಕೆಗಳು ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ. ಊರಿನ ಚರಿತ್ರೆಗೋ ಮನೆತನದ ಕಥೆಗೋ ಅವನ್ನು ಜಾಲಾಡುವವರು, 1900ರ ಆಸುಪಾಸಿನ ವರದಿಯಲ್ಲಿ ‘ಕಾರ್’ ಕಂಡರೆ ಅಲ್ಲಿಗೇ ನಿಲ್ಲಬೇಡಿ. ಅಕ್ಕಪಕ್ಕದ ಸಾಲುಗಳಲ್ಲಿ ಕುದುರೆಯೋ ಹಳಿಯೋ ತೇರಿನ ಹಗ್ಗವೋ ಇದೆಯೇ ಎಂದು ಹುಡುಕಿ ನೋಡಿ.